ಐದು ದಿನದ ಕ್ಲಾಸ್ ಸಾಕಾಗುತ್ತಾ?

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರ್, ಸೈಟ್ ಕೆಲಸದಲ್ಲಿ ಒಂಬತ್ತು ವರ್ಷವಾಯಿತು. ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜರ್‌ಗಳ ಸರ್ಟಿಫಿಕೇಟ್) ಪರೀಕ್ಷೆಗೆಂದು ಕಂಪನಿಯವರು ಬೆಂಗಳೂರಿನಲ್ಲಿ ಐದು ದಿನದ ಕ್ಲಾಸಿಗೆ ಕಳಿಸುತ್ತಿದ್ದಾರೆ. ಬಿಸಿ ಆರುವ ಮೊದಲೇ ಪರೀಕ್ಷೆ ಬರೆದುಬಿಡಿ ಎನ್ನುತ್ತಾರೆ ಜೊತೆಯವರು. ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ. ಏನು ಮಾಡಲಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅಷ್ಟು ಅವಸರ ಬೇಡ. 2022ರಲ್ಲಿ ನಾನು ಹಾಗೇ ಮಾಡಿ ಫೇಲಾದೆ. ಶುಕ್ರವಾರ ಕ್ಲಾಸ್ ಮುಗಿಯಿತು. ಅವತ್ತೇ ರಾತ್ರಿ ಅರ್ಜಿ ಹಾಕಿದೆ. ಒಪ್ಪಿಗೆ ಬಂದ ಕೂಡಲೇ ಸಿಕ್ಕ ಮೊದಲ ದಿನ ಹಿಡಿದೆ. ನಡುವೆ ಸುಮ್ನೆ ನೋಟ್ಸ್ ತಿರುವಿಹಾಕಿದ್ದೆ, ಪೂರ್ತಿ ಮಾಕ್ ಟೆಸ್ಟ್ ಒಂದನ್ನೂ ಬರೆದಿರಲಿಲ್ಲ.

ಆಗ 180 ಪ್ರಶ್ನೆ, 230 ನಿಮಿಷ. 60 ಪ್ರಶ್ನೆ ಮುಗಿಸಿ ಬಿಡುವು ತೆಗೆದುಕೊಂಡರೆ ಮತ್ತೆ ಹಿಂದಿನ ಪ್ರಶ್ನೆಗೆ ಹೋಗುವಂತಿಲ್ಲ. ಮೊದಲ 60ಕ್ಕೇ 95 ನಿಮಿಷ ಕಳೆದಿದ್ದೆ. 76ರ ಒಳಗೆ ಮುಗಿಸಬೇಕಿತ್ತು. ಕೊನೆಯ ಇಪ್ಪತ್ತು ಪ್ರಶ್ನೆ ಸರಿಯಾಗಿ ಓದಲೂ ಆಗಲಿಲ್ಲ.

ದಿನಕ್ಕೆ ಏಳು ಗಂಟೆಯಂತೆ ಐದು ದಿನ ಕೂತರೆ ಪರೀಕ್ಷೆ ನಡೆಸುವ ಸಂಸ್ಥೆ ಪಿಎಂಐ ಕೇಳುವ 35 ಗಂಟೆ ತರಬೇತಿ ಮುಗಿಯುತ್ತದೆ. ಕ್ಲಾಸಿನಿಂದ ಖಚಿತವಾಗಿ ಸಿಗುವುದು ಅದು. ಆದರೆ ನಿಮ್ಮಂಥ ಸೈಟಿನವರಿಗೆ ಇನ್ನೊಂದು ದೊಡ್ಡ ಲಾಭವಿದೆ: ನಮ್ಮ ಕೈಗೆ ಅಂಟಿದ ಅಭ್ಯಾಸ ಅಲ್ಲಿ ಬಯಲಾಗುತ್ತದೆ. ಸ್ಲ್ಯಾಬ್ ಹಾಕುವ ಹೊತ್ತಿಗೆ ಮಾಲೀಕರು ಬಂದು ಇನ್ನೊಂದು ರೂಮು ಬೇಕು ಎಂದರೆ ನಾವು 'ಆಯ್ತು ಸಾರ್' ಎಂದುಬಿಡುತ್ತೇವೆ, ಅಲ್ವಾ? ಪರೀಕ್ಷೆಯಲ್ಲಿ ಅದು ತಪ್ಪು ಉತ್ತರ. ಖರ್ಚು, ದಿನ, ರಿಸ್ಕ್ ಎಷ್ಟು ಏರುತ್ತದೆ ಎಂದು ಮೊದಲು ಲೆಕ್ಕ ಹಾಕಬೇಕು. ಆಮೇಲೆ ಬದಲಾವಣೆಗೆ ಒಪ್ಪಿಗೆ ಪಡೆಯಬೇಕು. ಇಬ್ಬರು ಮೇಸ್ತ್ರಿಗಳ ಜಗಳವನ್ನೂ ನೇರ ಮೇಲಿನವರಿಗೆ ದಾಟಿಸುವಂತಿಲ್ಲ, ಮೊದಲು ನೀವೇ ಕೂತು ಮಾತಾಡಬೇಕು. ಇಂಥ ಪ್ರಶ್ನೆ ಬಂದಾಗಲೆಲ್ಲ ಕ್ಲಾಸಿನಲ್ಲಿ ಕೈ ಎತ್ತಿ ವಾದ ಮಾಡಿ. ನಾನು ಸಂಕೋಚಪಟ್ಟು ಹಿಂದಿನ ಬೆಂಚಿನಲ್ಲಿ ಕೂತೆ. ಫಲಿತಾಂಶದಲ್ಲಿ ಸೋತದ್ದು 'ಪೀಪಲ್' ವಿಭಾಗದಲ್ಲೇ, ಅಂದರೆ ಜನರನ್ನು ನಿಭಾಯಿಸುವ ಪ್ರಶ್ನೆಗಳಲ್ಲೇ. ಆಗ ಅದಕ್ಕೆ 42% ತೂಕವಿತ್ತು!

ಲೆಕ್ಕಕ್ಕೆ ಹೆದರಬೇಡಿ. 10 ಲಕ್ಷ ಖರ್ಚಾಗಿ 8 ಲಕ್ಷದ ಕೆಲಸವಾಗಿದ್ದರೆ ಸಿಪಿಐ (ಆದ ಕೆಲಸದ ಬೆಲೆಯನ್ನು ಖರ್ಚಿನಿಂದ ಭಾಗಿಸಿದ್ದು) 0.8. ಬಿಲ್ ನೋಡಿದ ನಿಮಗೆ ಇದು ಹೊಸದೇನಲ್ಲ. ಅಜೈಲ್, ಅಂದರೆ ಕೆಲಸವನ್ನು ಸಣ್ಣ ಸಣ್ಣ ಕಂತಿನಲ್ಲಿ ಮುಗಿಸುತ್ತ ತಿದ್ದಿಕೊಳ್ಳುವ ಪದ್ಧತಿ, ಮಾತ್ರ ಹೊಸದಾಗಿರಬಹುದು. ಹೋಗುವ ಮೊದಲೇ ಅದರ ಒಂದು ವಿಧಾನವಾದ ಸ್ಕ್ರಮ್ ಬಗ್ಗೆ ಸ್ವಲ್ಪ ಓದಿಕೊಂಡು ಹೋಗಿ, ಇಲ್ಲದಿದ್ದರೆ ಆ ಪಾಠ ತಲೆಯ ಮೇಲೆ ಹಾದುಹೋಗುತ್ತದೆ. ಪರೀಕ್ಷೆಯ ಮಾದರಿಯನ್ನು ಪಿಎಂಐ ಆಗಾಗ ಬದಲಿಸುತ್ತದೆ. ಈಗಿನ ರೂಪರೇಷೆಯನ್ನು ಅವರ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ.

ಕ್ಲಾಸ್ ಆದ ಮೇಲೆ ನಾಲ್ಕು ವಾರ ಇಟ್ಟುಕೊಳ್ಳಿ. ಬೆಳಿಗ್ಗೆ ಮಗಳು ಏಳುವ ಮೊದಲು ಒಂದು ಗಂಟೆ, 25 ಪ್ರಶ್ನೆ ಸಾಕು. ತಪ್ಪಿದ್ದು ಯಾಕೆ ತಪ್ಪಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎರಡನೇ ಸಲ ನನ್ನನ್ನು ಪಾಸು ಮಾಡಿಸಿದ್ದು ಆ ನೋಟ್‌ಬುಕ್ಕೇ. ಕೊನೆಯ ಎರಡು ಭಾನುವಾರ ಮಗಳನ್ನು ನಾಲ್ಕು ಗಂಟೆ ನೋಡಿಕೊಳ್ಳಲು ಮನೆಯವರನ್ನು ಈಗಲೇ ಕೇಳಿಡಿ. ಆ ಎರಡು ದಿನ ಗಡಿಯಾರ ಮುಂದಿಟ್ಟುಕೊಂಡು ಪೂರ್ತಿ ಮಾಕ್ ಟೆಸ್ಟ್ ಬರೆಯಿರಿ, ಫೋನ್ ಬೇರೆ ಕೋಣೆಯಲ್ಲಿರಲಿ.