ಕಳೆದ ಉಂಗುರ ನನ್ನ ಬ್ಯಾಗಿನಲ್ಲೇ ಇತ್ತು, ಈಗ ಏನು ಮಾಡಲಿ?

ಪ್ರಶ್ನೆ: ನಾನು ಒಂದು ಆಫೀಸಿನ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಒಂದು ಸಂಜೆ ಉಂಗುರ ತೆಗೆದು ಡ್ರಾಯರಿನಲ್ಲಿ ಇಟ್ಟಿದ್ದೆ ಅಂದುಕೊಂಡಿದ್ದೆ. ಮರುದಿನ ಇರಲಿಲ್ಲ. "ಬೆಳಿಗ್ಗೆ ಬೀಗ ತೆಗೆಯೋದು ಕ್ಲೀನಿಂಗ್ ಅಕ್ಕನೇ" ಎಂದು ನಾನೇ ಸೂಪರ್‌ವೈಸರ್‌ಗೆ ಹೇಳಿದೆ. ಆ ಅಕ್ಕ ಎರಡು ವರ್ಷದಿಂದ ನಮ್ಮಲ್ಲಿದ್ದರು. ಎಲ್ಲರೆದುರೇ ಅವರ ಬ್ಯಾಗ್ ಸುರಿದು ನೋಡಿದರು. ಏನೂ ಸಿಗಲಿಲ್ಲ. "ಆಗಲೇ ಸಾಗಿಸಿರಬೇಕು" ಎಂದರು ಒಬ್ಬರು. ವಾರದೊಳಗೆ ಏಜೆನ್ಸಿಯವರು ಅವರನ್ನು ಬೇರೆ ಕಡೆ ಹಾಕಿದರು. ಅವರ ಹೆಸರು ನನಗೆ ಗೊತ್ತಾಗಿದ್ದೇ ಆ ದಿನ. ಮೊನ್ನೆ ಉಂಗುರ ನನ್ನ ಹ್ಯಾಂಡ್‌ಬ್ಯಾಗಿನ ಹರಿದ ಲೈನಿಂಗ್ ಒಳಗೆ ಸಿಕ್ಕಿತು. ಯಾರಿಗೂ ಹೇಳಿಲ್ಲ. ಹೇಳಿದರೆ ಎಲ್ಲರೂ ಏನಂದುಕೊಳ್ಳುತ್ತಾರೋ ಎಂಬ ಭಯ. ಅಕ್ಕನಿಗೆ ಗುಟ್ಟಾಗಿ ಸ್ವಲ್ಪ ಹಣ ಕಳಿಸಿದರೆ ಸಾಲದೇ?

ಉತ್ತರ: ಸಾಲದು. ದಯವಿಟ್ಟು ಹಾಗೆ ಮಾಡಬೇಡಿ.

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಉಂಗುರ ಬೆರಳಿಗೆ ಹಾಕಿಕೊಂಡು ಸುಮ್ನೆ ಇದ್ದುಬಿಡಬಹುದಿತ್ತು, ನಿಮ್ಮಿಂದ ಆಗಲಿಲ್ಲ. ಆದರೆ ಆರೋಪ ಬಂದಿದ್ದು ಎಲ್ಲರೆದುರು. ಅದನ್ನು ಗುಟ್ಟಾಗಿ ಅಳಿಸಲು ಆಗುವುದಿಲ್ಲ. ಅವರ ಕೈಗೆ ಇದ್ದಕ್ಕಿದ್ದಂತೆ ಹಣ ಬಂದರೆ, ಅದು ಎಲ್ಲಿಂದ ಬಂತು ಎಂದು ಮತ್ತೆ ಅವರನ್ನೇ ಕೇಳುತ್ತಾರೆ.

ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು "ಆಗಲೇ ಸಾಗಿಸಿರಬೇಕು" ಎಂಬ ಮಾತು. ಬ್ಯಾಗಿನಲ್ಲಿ ಉಂಗುರ ಸಿಕ್ಕಿದ್ದರೆ ಕಳ್ಳಿ. ಸಿಗದಿದ್ದರೆ ಜಾಣ ಕಳ್ಳಿ. ಇನ್ನು ಆ ಹೆಂಗಸು ಏನು ತೋರಿಸಬೇಕಿತ್ತು ಹೇಳಿ? ತೆಗೆದುಕೊಂಡಿಲ್ಲ ಎಂದು ಯಾರಾದರೂ ಹೇಗೆ ಸಾಬೀತು ಮಾಡುತ್ತಾರೆ? 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 11ನೇ ವಿಧಿಯೇ ಹೇಳುತ್ತದೆ, ಅಪರಾಧದ ಆರೋಪ ಹೊತ್ತವರು ತಪ್ಪು ಸಾಬೀತಾಗುವ ತನಕ ನಿರಪರಾಧಿಗಳೇ ಎಂದು. ನಿಮ್ಮ ಆಫೀಸಿನಲ್ಲಿ ಅದು ತಲೆಕೆಳಗಾಯಿತು.

ಇನ್ನೊಂದು ವಿಷಯ. ಎರಡು ವರ್ಷ ಬೆಳಿಗ್ಗೆ ಬೀಗ ತೆಗೆದವರು ಅವರು. ಅಷ್ಟು ದಿನ ಎಷ್ಟು ಡ್ರಾಯರುಗಳು ತೆರೆದೇ ಇದ್ದವೋ. ಲೆಕ್ಕ ನೋಡುವವರು ನೀವು, ಆದರೂ ಈ ಲೆಕ್ಕ ನಿಮಗೆ ಹೊಳೆಯಲಿಲ್ಲ. ಆ ಸಂಜೆ ನಿಮ್ಮ ಮೇಜಿನ ಹತ್ತಿರ ಓಡಾಡಿದ ಸಹೋದ್ಯೋಗಿಗಳ ಹೆಸರೂ ಬಾಯಿಗೆ ಬರಲಿಲ್ಲ, ಅಲ್ವಾ? ನೀವು ಕೆಟ್ಟವರು ಅಂತ ಇದನ್ನು ಹೇಳುತ್ತಿಲ್ಲ. ಸಂಬಳ ಕಡಿಮೆ ಇರುವವರಿಗೆ ಆಸೆ ಜಾಸ್ತಿ ಎಂದು ನಾವೆಲ್ಲ ಯೋಚಿಸದೆಯೇ ನಂಬಿಬಿಟ್ಟಿದ್ದೇವೆ. ನಮ್ಮ ನೆನಪೂ ಅದಕ್ಕೆ ಸಾಥ್ ಕೊಡುತ್ತದೆ. ದಿನಾ ಡ್ರಾಯರಿನಲ್ಲಿ ಇಡುವವರಿಗೆ ಅವತ್ತೂ ಅಲ್ಲೇ ಇಟ್ಟ ಹಾಗೆ ಅನಿಸುತ್ತದೆ. ನೆನಪು ಎಂದುಕೊಂಡಿದ್ದು ಬರೀ ಅಭ್ಯಾಸವಾಗಿರುತ್ತದೆ.

ಈಗ ಮಾಡಬೇಕಾದ್ದು. ಆ ದಿನ ಅಲ್ಲಿ ನಿಂತು ನೋಡಿದ ಎಲ್ಲರಿಗೂ ಇಮೇಲ್ ಬರೆಯಿರಿ. ಎಚ್‌ಆರ್‌ಗೂ ಏಜೆನ್ಸಿಗೂ ಅದೇ ಪತ್ರ ಹೋಗಲಿ. ಉಂಗುರ ನನ್ನ ಬ್ಯಾಗಿನಲ್ಲೇ ಇತ್ತು, ಅವರ ಹೆಸರು ಎತ್ತಿದ್ದು ನಾನು, ಅದು ತಪ್ಪು ಎಂದು ನೇರವಾಗಿ ಹೇಳಿ. "ಏನೋ ಗೊಂದಲವಾಯಿತು" ಎಂಬಂಥ ಮಾತು ಬೇಡ.

ಏಜೆನ್ಸಿಗೆ ಬರೆಯುವುದು ಬಹಳ ಮುಖ್ಯ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1982ರ 158ನೇ ಒಪ್ಪಂದದ ಪ್ರಕಾರ, ನಡತೆ ಸರಿಯಿಲ್ಲ ಎಂದು ಯಾರನ್ನಾದರೂ ಕೆಲಸದಿಂದ ತೆಗೆಯುವ ಮೊದಲು ಅವರ ಮಾತು ಕೇಳಬೇಕು. ಎಲ್ಲ ದೇಶಗಳೂ ಅದನ್ನು ಒಪ್ಪಿಕೊಂಡಿಲ್ಲ. ಒಪ್ಪಿಕೊಂಡ ಕಡೆಯೂ ಇಂಥವರು ತಪ್ಪಿಹೋಗಬಹುದು. ಏಕೆಂದರೆ ನಿಮ್ಮ ಆಫೀಸು ಅವರನ್ನು ತೆಗೆಯಲಿಲ್ಲ, ಏಜೆನ್ಸಿಯೂ ತೆಗೆಯಲಿಲ್ಲ, ಸುಮ್ನೆ ಜಾಗ ಬದಲಾಯಿತು. ಹಾಗಾಗಿ ಯಾರೂ ಅವರನ್ನು ಏನೂ ಕೇಳಲಿಲ್ಲ. ಆದರೆ ಆ ಅನುಮಾನ ಹೊಸ ಜಾಗಕ್ಕೂ ಅವರ ಹಿಂದೆಯೇ ಹೋಗಿರುತ್ತದೆ. ಅವರ ದಾಖಲೆಯಲ್ಲಿ ಏನಾದರೂ ಬರೆದಿದ್ದರೆ ತೆಗೆಯಲು ಕೇಳಿ. ಸಂಬಳ ಕಡಿಮೆಯಾಗಿದ್ದರೆ, ಪಾಳಿ ಬದಲಾಗಿದ್ದರೆ, ಸರಿಪಡಿಸಲು ಒತ್ತಾಯಿಸಿ. ವಾಪಸ್ ಬರುವುದು, ಬಿಡುವುದು ಅವರ ಇಷ್ಟ.

ಭೇಟಿಗೆ ಅವರು ಒಪ್ಪಿದರೆ ಹೋಗಿ, ಕ್ಷಮೆ ಕೇಳಿ. ಅವರು ಬೈಯಬಹುದು, ಮಾತೇ ಆಡದಿರಬಹುದು. ಎರಡೂ ಅವರ ಹಕ್ಕು. "ಮನಸ್ಸಿಗೆ ಹಚ್ಕೋಬೇಡಿ ಅಕ್ಕ" ಅಂತ ಮಾತ್ರ ಹೇಳಬೇಡಿ.

ಸಹೋದ್ಯೋಗಿಗಳು ಕೆಲವು ದಿನ ನಿಮ್ಮ ಬಗ್ಗೆ ಮಾತಾಡಿಕೊಳ್ಳುತ್ತಾರೆ, ನಿಜ. ಆದರೂ ನಿಮ್ಮ ಬ್ಯಾಗನ್ನು ಯಾರೂ ಮೇಜಿನ ಮೇಲೆ ಸುರಿಯುವುದಿಲ್ಲ. ಈ ವಾರವೇ ಪತ್ರ ಕಳಿಸಿ. ಅದರಲ್ಲಿ "ಕ್ಲೀನಿಂಗ್ ಅಕ್ಕ" ಎಂದು ಬರೆಯದೆ ಅವರ ಪೂರ್ತಿ ಹೆಸರು ಬರೆಯಿರಿ.