ಅಪ್ಪನ ಟ್ಯೂಬ್‌ನಲ್ಲಿ ಕಫ ಗಟ್ಟಿಯಾಗುತ್ತಿದೆ

ಪ್ರಶ್ನೆ: ಅಪ್ಪನಿಗೆ ಲಕ್ವಾ ಹೊಡೆದು, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಟ್ರಕಿಯಾಸ್ಟಮಿ ಮಾಡಿದರು, ಅಂದರೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ಉಸಿರಾಡಲು ಟ್ಯೂಬ್ ಹಾಕಿದರು. ಮನೆಗೆ ಬಂದು 12 ದಿನ ಆಯ್ತು. ಗಡಿಯಾರ ನೋಡಿ ಎರಡು ತಾಸಿಗೊಮ್ಮೆ ಸಕ್ಷನ್ ಮಾಡುತ್ತೇನೆ (ಟ್ಯೂಬ್‌ನೊಳಗೆ ಸಣ್ಣ ಪೈಪ್ ಇಳಿಸಿ ಮಷಿನ್‌ನಿಂದ ಕಫ ಎಳೆಯುತ್ತೇನೆ), ಆದರೂ ಕಫ ಅಂಟಂಟಾಗಿದೆ. ನಿನ್ನೆ ರಕ್ತದ ಸಣ್ಣ ಎಳೆ ಕಾಣಿಸಿತು. ಭಯವಾಗುತ್ತಿದೆ.
- ಒಬ್ಬ ಮಗಳು, ಬ್ಯಾಡಗಿ

ಉತ್ತರ: ತಂಗಿ, ಮೊದಲು ಆ ಗಡಿಯಾರ ಬಿಡಿ. ಗೊರಗೊರ ಸದ್ದು ಕೇಳಿದಾಗ, ಟ್ಯೂಬ್ ಬಾಯಲ್ಲಿ ಕಫ ಕಂಡಾಗ, ಉಸಿರಾಟ ಜೋರಾದಾಗ ಸಕ್ಷನ್ ಮಾಡಿ. ಸುಮ್ನೆ ಪದೇ ಪದೇ ಪೈಪ್ ಇಳಿಸಿದರೆ ಒಳಗಿನ ಮೆತ್ತನೆಯ ಪೊರೆ ಗೀರಿ ರಕ್ತ ಬರುತ್ತದೆ. ಆಸ್ಪತ್ರೆಯಲ್ಲಿ ತೋರಿಸಿದಷ್ಟೇ ಉದ್ದ ಇಳಿಸಿ, ಇಳಿಸುವಾಗ ಕಫ ಎಳೆಯಬೇಡಿ, ಪೈಪ್ ಹೊರಗೆ ತೆಗೆಯುವಾಗ ಮಾತ್ರ ಎಳೆಯಿರಿ. ಒಂದು ಸಲಕ್ಕೆ 10 ಸೆಕೆಂಡ್ ಸಾಕು, ಆ ಹೊತ್ತಿನಲ್ಲಿ ಕಫದ ಜೊತೆ ಅವರ ಉಸಿರನ್ನೂ ಎಳೆಯುತ್ತಿರುತ್ತೀರಿ ಅಲ್ವಾ? ಎಳೆಯಷ್ಟು ರಕ್ತ ಕಂಡದ್ದನ್ನು ಡಾಕ್ಟರಿಗೆ ಫೋನಿನಲ್ಲಾದರೂ ತಿಳಿಸಿ. ಕೆಂಪು ರಕ್ತ ಹರಿದು ಬಂದರೆ ಮಾತ್ರ ಒಂದು ನಿಮಿಷವೂ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಇನ್ನು ಗಟ್ಟಿ ಕಫ. ನಾವು ಎಳೆದುಕೊಳ್ಳುವ ಗಾಳಿಯನ್ನು ಮೂಗು ಬೆಚ್ಚಗೆ ಮಾಡಿ, ತೇವ ಸೇರಿಸಿ, ಧೂಳು ಸೋಸಿ ಒಳಗೆ ಬಿಡುತ್ತದೆ. ಅಪ್ಪನಿಗೆ ಈಗ ಒಣ ಗಾಳಿ ನೇರವಾಗಿ ಒಳಗೆ ಹೋಗುತ್ತಿದೆ. ಅದಕ್ಕೇ ಕಫ ಅಂಟಾಗುವುದು. ಟ್ಯೂಬ್‌ಗೆ ಸಿಕ್ಕಿಸುವ ತೇವ ಹಿಡಿಯುವ ಫಿಲ್ಟರ್ ಕೊಟ್ಟಿದ್ದರೆ ದಿನಾ ಬದಲಿಸಿ. ನೆಬ್ಯುಲೈಸರ್ ಎಷ್ಟು ಸಲ, ಹೊಟ್ಟೆಗೆ ನೀರು ಎಷ್ಟು ಅಂತ ಡಾಕ್ಟರನ್ನು ಕೇಳಿ. ನಿಮ್ಮದು ಮೆಣಸಿನಕಾಯಿ ಊರು, ಮಾರ್ಕೆಟ್ ಸೀಸನ್ನಿನಲ್ಲಿ ಬೀದಿಯಲ್ಲೇ ಘಾಟು ಹೊಡೆಯುತ್ತದೆ. ಅವರ ಮಂಚ ಬೀದಿ ಕಡೆ ಬೇಡ, ಒಗ್ಗರಣೆ ಹೊಗೆ ಬರುವ ಕಡೆಯೂ ಬೇಡ.

ಒಳಟ್ಯೂಬ್ ಬಿಚ್ಚಲು ಬರುವಂಥದ್ದಾದರೆ ದಿನಕ್ಕೆ ಎರಡು ಮೂರು ಸಲ ತೆಗೆದು, ಕುದಿಸಿ ಆರಿಸಿದ ನೀರಿನಲ್ಲಿ ಬ್ರಷ್ ಆಡಿಸಿ ತೊಳೆಯಿರಿ. ಆಮೇಲೆ ಬೆಳಕಿಗೆ ಹಿಡಿದು ಒಳಗೆ ಇಣುಕಿ. ಅನ್ನದ ಗಂಜಿ ಒಣಗಿದ ಹಾಗೆ ಹಳದಿ ಪದರ ಒಂದು ಮೂಲೆಯಲ್ಲಿ ಉಳಿದಿರುತ್ತದೆ, ಉಸಿರು ಕಟ್ಟಿಸುವುದು ಅದೇ. ಎಂದಾದರೂ ಅಪ್ಪ ಒದ್ದಾಡಿದರೆ ಮೊದಲು ಆ ಒಳಟ್ಯೂಬ್ ತೆಗೆಯಿರಿ, ಸಕ್ಷನ್ ಮಾಡಿ, ಜೊತೆಗಿದ್ದವರು 108ಕ್ಕೆ ಫೋನ್ ಮಾಡಲಿ. ಅದೇ ಸೈಜಿನದೊಂದು, ಒಂದು ಸೈಜ್ ಚಿಕ್ಕದೊಂದು ಹೊಸ ಟ್ಯೂಬ್ ತಲೆದಿಂಬಿನ ಹತ್ತಿರ ಸದಾ ಇರಲಿ.

ಇನ್ನೊಂದು ಮಾತು. ರಾತ್ರಿ ಅವರಿಗೆ ಕೂಗಿ ಕರೆಯಲು ಆಗುವುದಿಲ್ಲ. ಲಕ್ವಾ ಹೊಡೆಯದ ಕೈಗೆ ಎಟಕುವ ಹಾಗೆ ಒಂದು ಗಂಟೆ ಕಟ್ಟಿ, ಇವತ್ತೇ.