ಕರೆಂಟ್ ಬಂದರೂ ಡೇಟಾಬೇಸ್ ಏಳುವುದಿಲ್ಲ

ಪ್ರಶ್ನೆ: ನಮ್ಮದು ಅಡಿಕೆ ಮಂಡಿ. ರೈತರ ಖಾತೆ, ಲಾಟ್, ಯಾರ ಅಡಿಕೆ ಯಾರಿಗೆ ಹೋಯಿತು ಎಂಬ ಕೊಂಡಿ, ಎಲ್ಲ ಅರಾಂಗೋಡಿಬಿ ಎಂಬ ಡೇಟಾಬೇಸ್‌ನಲ್ಲಿದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ಸರ್ವರ್ ಏಳುವುದಕ್ಕೆ ಅರ್ಧ ಗಂಟೆ ಬೇಕು. ರೈತರು ಚೀಟಿ ಹಿಡಿದು ನಿಂತೇ ಇರುತ್ತಾರೆ. ಹೊಸ ಆವೃತ್ತಿ ಚುರುಕು ಅಂತ ಕೇಳಿ 3.3ರಿಂದ 3.4ಕ್ಕೆ ಹೋದೆವು. ಏನೂ ಬದಲಾಗಲಿಲ್ಲ. ಯಾಕೆ ಸರ್?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನೀವು ಆವೃತ್ತಿ ಬದಲಿಸಿದಿರಿ, ಆದರೆ ಒಳಗಿನ ಎಂಜಿನ್, ಅಂದರೆ ಡೇಟಾ ಇಟ್ಟು ತೆಗೆಯುವ ಭಾಗ, ಹಳೆಯದೇ ಉಳಿದಿರಬೇಕು. ಆದೇಶ ಟೈಪ್ ಮಾಡುವ ಅರಾಂಗೋ ಶೆಲ್‌ನಲ್ಲಿ db._engine() ಅಂತ ಕೇಳಿ ನೋಡಿ. ಹಳೆ ಎಂಜಿನ್ನಿನ ಹೆಸರು, ಎಂಎಂಫೈಲ್ಸ್, ಅಂತ ಬಂದರೆ ರೋಗ ಗೊತ್ತಾಯಿತು.

ಎಂಎಂಫೈಲ್ಸ್ ಇಂಡೆಕ್ಸುಗಳನ್ನು, ಅಂದರೆ ದಾಖಲೆ ಬೇಗ ಹುಡುಕುವ ಸೂಚಿಗಳನ್ನು, ಮೆಮೊರಿಯಲ್ಲಿ ಮಾತ್ರ ಇಟ್ಟುಕೊಳ್ಳುತ್ತದೆ. ಕರೆಂಟ್ ಹೋದರೆ ಅಷ್ಟೂ ಹೋಯಿತು. ಸರ್ವರ್ ಎದ್ದಾಗ ಪ್ರತಿ ದಾಖಲೆ ಓದಿ ಮತ್ತೆ ಮೊದಲಿನಿಂದ ಕಟ್ಟಬೇಕು. ಪ್ರತಿ ಸುಗ್ಗಿಗೂ ಲಾಟ್ ಸೇರುತ್ತವೆ, ಕಾಯುವುದೂ ಜಾಸ್ತಿ ಆಗುತ್ತದೆ. 2017ರಲ್ಲಿ 3.2 ಆವೃತ್ತಿಯ ಜೊತೆ ರಾಕ್ಸ್‌ಡಿಬಿ ಎಂಜಿನ್ ಬಂತು. ಅದು ಇಂಡೆಕ್ಸನ್ನು ಡಿಸ್ಕಿನಲ್ಲೇ ಇಡುತ್ತದೆ, ಹಾಗಾಗಿ ಬೇಗ ಏಳುತ್ತದೆ. 3.4ರಲ್ಲಿ ಅದೇ ಡಿಫಾಲ್ಟ್ ಆಯಿತು, ಆದರೆ ಹೊಸದಾಗಿ ಹಾಕಿಕೊಂಡವರಿಗೆ ಮಾತ್ರ. ಹಳೆ ಡೇಟಾ ಇದ್ದವರಿಗೆ ಹಳೆ ಎಂಜಿನ್ನೇ ಮುಂದುವರಿಯುತ್ತದೆ. ನಿಮಗೆ ಆಗಿದ್ದು ಇದೇ.

ಬದಲಿಸುವುದಕ್ಕೆ ಗುಂಡಿ ಒತ್ತಿದರೆ ಆಗುವುದಿಲ್ಲ. ಅರಾಂಗೋಡಂಪ್‌ನಿಂದ ಎಲ್ಲ ಹೊರಗೆ ತೆಗೆಯಿರಿ. ಖಾಲಿ ಡೈರೆಕ್ಟರಿಯಲ್ಲಿ ರಾಕ್ಸ್‌ಡಿಬಿ ಶುರು ಮಾಡಿ, ಅರಾಂಗೋರಿಸ್ಟೋರ್‌ನಿಂದ ತುಂಬಿ. ಡಂಪ್ ಮಾಡುವಾಗ ಸಿಸ್ಟಂ ಕಲೆಕ್ಷನ್‌ಗಳನ್ನೂ (ಕಲೆಕ್ಷನ್ ಅಂದರೆ ದಾಖಲೆಗಳ ಗುಂಪು, ಇವು ಡೇಟಾಬೇಸ್ ತನಗಾಗಿ ಇಟ್ಟುಕೊಳ್ಳುವವು) ಸೇರಿಸಿ, ದಯವಿಟ್ಟು ಮರೆಯಬೇಡಿ. ಸಾಗರದಲ್ಲಿ ಗೆಳೆಯರೊಬ್ಬರ ಅಂಗಡಿಯಲ್ಲಿ ನಾನು ಅದನ್ನು ಬಿಟ್ಟೆ. ರೈತರೂ ಬಂದರು, ಲಾಟೂ ಬಂತು, ಕೊಂಡಿಗಳೂ ಬಂದವು. ಆದರೆ ಕೊಂಡಿ ಹಿಡಿದು ಹುಡುಕುವ ಗ್ರಾಫ್ ಕ್ವೆರಿ ಓಡಿಸಿದರೆ ಆ ಹೆಸರಿನ ಗ್ರಾಫೇ ಇಲ್ಲ ಅಂತು! ಗ್ರಾಫಿನ ವಿವರಣೆ, ಯೂಸರ್‌ಗಳ ಪಾಸ್‌ವರ್ಡ್ ಎಲ್ಲ ಇರುವುದು ಸಿಸ್ಟಂ ಕಲೆಕ್ಷನ್‌ನಲ್ಲಿ. ರಾತ್ರಿ ಹತ್ತಕ್ಕೆ ಮತ್ತೆ ಮೊದಲಿನಿಂದ ಶುರು ಮಾಡಿದೆವು. ಹಳೆ ಡೈರೆಕ್ಟರಿ ಅಳಿಸಿರಲಿಲ್ಲ, ಬದುಕಿದೆವು. ನೀವೂ ಒಂದು ತಿಂಗಳು ಅದನ್ನು ಹಾಗೇ ಇಟ್ಟಿರಿ.

ಎಂಜಿನ್ ಬದಲಾದ ಮೇಲೆ ನಿಮ್ಮ ಪ್ರೋಗ್ರಾಂ ಒಂದು ಕಡೆ ತಿದ್ದಬೇಕು. ಮುಂಚೆ ಒಬ್ಬರು ಬರೆಯುವಾಗ ಇಡೀ ಕಲೆಕ್ಷನ್‌ಗೆ ಬೀಗ ಬೀಳುತ್ತಿತ್ತು, ಇನ್ನೊಬ್ಬರು ಕಾಯುತ್ತಿದ್ದರು. ರಾಕ್ಸ್‌ಡಿಬಿಯಲ್ಲಿ ಬೀಗ ಆ ಒಂದು ದಾಖಲೆಗೆ ಮಾತ್ರ. ನಾಲ್ಕು ಮೇಜಿನಲ್ಲಿ ನಾಲ್ಕು ರೈತರ ಲೆಕ್ಕ ಒಟ್ಟಿಗೆ ಬರೆಯಬಹುದು. ಆದರೆ ಇಬ್ಬರು ಒಬ್ಬನೇ ರೈತನ ಖಾತೆಗೆ ಒಂದೇ ಕ್ಷಣ ಕೈ ಹಾಕಿದರೆ ಒಬ್ಬರಿಗೆ 1200 ಎಂಬ ಎರರ್ ಬರಬಹುದು. ಹೆದರಬೇಡಿ, ಮತ್ತೆ ಪ್ರಯತ್ನಿಸುವ ಹಾಗೆ ಕೋಡ್ ಬರೆಯಿರಿ. ಇದು ದುಡ್ಡಿನ ವಿಷಯ, ಸುಮ್ನೆ ಬಿಡಬೇಡಿ.

ಇದೆಲ್ಲ 3.4ರಲ್ಲೇ ಮುಗಿಸಿ, ಆಮೇಲೆ ಮೇಲೆ ಹೋಗಿ. 3.7ರಲ್ಲಿ ಎಂಎಂಫೈಲ್ಸ್ ತೆಗೆದೇ ಹಾಕಿದ್ದಾರೆ. 3.12ಕ್ಕೆ ಹೋಗುವುದಾದರೆ ಮೊದಲು ಲೈಸೆನ್ಸ್ ಓದಿ. ಅಲ್ಲಿಂದ ಷರತ್ತು ಬದಲಾಗಿದೆ.

ಪ್ರಶ್ನೆ: ನಮ್ಮದೂ ಅರಾಂಗೋಡಿಬಿ. ಈ ತಿಂಗಳು ಜಾಸ್ತಿ ದರ ಸಿಕ್ಕ 10 ಲಾಟ್ ತೋರಿಸುವ ಪುಟ ತುಂಬಾ ನಿಧಾನ. ದಿನಾಂಕಕ್ಕೆ ಇಂಡೆಕ್ಸ್ ಇದೆ.
– ಓದುಗರು, ಶಿವಮೊಗ್ಗ

ಉತ್ತರ: ದಿನಾಂಕ, ದರ ಎರಡೂ ಸೇರಿಸಿ ಒಂದೇ ಇಂಡೆಕ್ಸ್ ಮಾಡಿ, ಮತ್ತು 3.6 ಅಥವಾ ಮೇಲಿನ ಆವೃತ್ತಿ ಬಳಸಿ. ಮುಂಚೆ ತಿಂಗಳ ಎಲ್ಲ ಲಾಟ್‌ಗಳ ಪೂರ್ತಿ ದಾಖಲೆ ತಂದು, ದರ ನೋಡಿ ಜೋಡಿಸಿ, 10 ಉಳಿಸಿಕೊಂಡು ಮಿಕ್ಕಿದ್ದು ಬಿಸಾಡುತ್ತಿತ್ತು. ಈಗ ಇಂಡೆಕ್ಸಿನಲ್ಲಿರುವ ದರ ನೋಡಿಯೇ ಜೋಡಿಸಿ, ಗೆದ್ದ 10 ದಾಖಲೆ ಮಾತ್ರ ತರುತ್ತದೆ. ಮಂಡಿಯಲ್ಲಿ ಮೂಟೆ ಮೇಲಿನ ಚೀಟಿ ಓದಿ, ಬೇಕಾದ ಮೂಟೆ ಮಾತ್ರ ಬಿಚ್ಚುತ್ತೀರಲ್ವಾ, ಹಾಗೆ. ಡೇಟಾಬೇಸ್ ಹೇಗೆ ಹುಡುಕುತ್ತದೆ ಎಂದು ತೋರಿಸುವ ಎಕ್ಸ್‌ಪ್ಲೇನ್ ಅನ್ನು ಕ್ವೆರಿಗೆ ಕೊಟ್ಟು ನೋಡಿ. ರೂಲ್‌ಗಳ ಪಟ್ಟಿಯಲ್ಲಿ ಲೇಟ್ ಡಾಕ್ಯುಮೆಂಟ್ ಮೆಟೀರಿಯಲೈಸೇಶನ್ ಇದ್ದರೆ ಕೆಲಸ ಆಗಿದೆ ಎಂದರ್ಥ. ಇಲ್ಲದಿದ್ದರೆ ಆ ಕ್ವೆರಿಯನ್ನೇ ನನಗೆ ಬರೆದು ಕಳಿಸಿ.